ಮಾಗಿಯ ಚಳಿಯಲ್ಲಿ ಹಸಿರುಮನೆ



ನಿಮ್ಮ ವಿಜ್ಞಾನದ ಪಠ್ಯಪುಸ್ತಕದಲ್ಲಿ ಹಸಿರುಮನೆಯ ಚಿತ್ರವೊಂದು ಇದ್ದೇ ಇರುತ್ತದೆ. ಗಾಜಿನ ಪುಟ್ಟ ಮನೆ. ಮೇಲಿನಿಂದ ಸೂರ್ಯನ ಕಿರಣಗಳು ಬಾಣಗಳಾಗಿ ಒಳಗೆ ಇಳಿಯುತ್ತವೆ. ಒಳಗಿನ ನೆಲದಿಂದ ಎದ್ದ ಶಾಖದ ಬಾಣಗಳು ಗಾಜಿಗೆ ತಾಗಿ ಮತ್ತೆ ಒಳಕ್ಕೇ ಬಾಗುತ್ತವೆ. ಕೆಳಗೆ, ಆದ್ದರಿಂದ ಹಸಿರುಮನೆಯ ಒಳಗೆ ಬೆಚ್ಚಗಿರುತ್ತದೆ ಎಂಬ ಅರ್ಥದ ಒಂದು ಸಾಲು. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ ಇರಬಹುದು, ಮೂರೂ ಇರಬಹುದು. ನಮ್ಮ ಕಾಲದ ಪುಸ್ತಕದಲ್ಲೂ ಇದೇ ಚಿತ್ರವಿತ್ತು. ಚಳಿಗಾಲದ ನಡುವೆ ನಿಜವಾದ ಒಂದು ಹಸಿರುಮನೆಯೊಳಗೆ ಹೋಗಿ ನಿಂತರೆ ಈ ಚಿತ್ರ ಎಷ್ಟರಮಟ್ಟಿಗೆ ಸರಿ ಎನಿಸುತ್ತದೆ ಎಂಬುದನ್ನು ಈ ಭಾಷಣದಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ.

ಈ ಚಿತ್ರ ಹುಟ್ಟಿದ್ದು ಹಿಮ ಬೀಳುವ ನಾಡುಗಳಲ್ಲಿ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ವೇಳೆಗೆ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ಕಿತ್ತಳೆಯಂಥ ಗಿಡವನ್ನು ಹೊರಗೆ ಬಿಟ್ಟರೆ ಉಳಿಯುವ ಭರವಸೆ ಇಲ್ಲ. ಅಲ್ಲಿನ ಸಿರಿವಂತರು ಕಿತ್ತಳೆಗಾಗಿಯೇ ದೊಡ್ಡ ದೊಡ್ಡ ಕಿಟಕಿಗಳ ಮನೆ ಕಟ್ಟಿಸಿದರು. ಮೊದಲು ಒಲೆ ಹಚ್ಚಿ, ಆಮೇಲೆ ಬಿಸಿನೀರಿನ ಕೊಳವೆ ಹಾಯಿಸಿ ಗಿಡಗಳನ್ನು ಕಾಪಾಡಿಕೊಂಡರು. ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಇಂಥ ಗಾಜಿನ ಮನೆಗಳನ್ನು ಕಟ್ಟುತ್ತಲೇ ಕೈ ಪಳಗಿಸಿಕೊಂಡವನು. 1851ರಲ್ಲಿ ಆತ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯನ್ನೇ ಎಬ್ಬಿಸಿದ. ಅದನ್ನು ನೆನಪಿಗೆ ತರುವ ಗಾಜಿನಮನೆ ನಮ್ಮ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿದೆ. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಬಿತ್ತು. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಒಂದು ಸಂಗತಿ ಗಮನಿಸಿರಬಹುದು. ಅದರ ಪಕ್ಕಗಳೆಲ್ಲ ತೆರೆದೇ ಇವೆ. ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಹೋಗುತ್ತದೆ. ಬೆಚ್ಚಗಿಡುವ ಉದ್ದೇಶ ಅದಕ್ಕೆ ಇಲ್ಲವೇ ಇಲ್ಲ.

ಹಾಗಾದರೆ, ಹಿಮವೇ ಬೀಳದ ನಮ್ಮ ಸೀಮೆಯಲ್ಲಿ ಹಸಿರುಮನೆಗೆ ಏನು ಕೆಲಸ? ಈ ಪ್ರಶ್ನೆ ಇಟ್ಟುಕೊಂಡು ನಾವು ಹೋದದ್ದು ಗುಂಡ್ಲುಪೇಟೆಗೆ.

ಗುಂಡ್ಲುಪೇಟೆಯ ಹೊಲಗಳು ದೂರದರ್ಶನದವರಿಗೆ ಹೊಸವಲ್ಲ. ಮುಂಗಾರಿನಲ್ಲಿ ಊಟಿಯ ರಸ್ತೆಯ ಇಕ್ಕೆಲದಲ್ಲಿ ಚೆಂಡುಹೂ, ಸೂರ್ಯಕಾಂತಿ ಅರಳಿ ನಿಂತಾಗ ಕ್ಯಾಮೆರಾ ಇದ್ದವರೆಲ್ಲ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಮಾಗಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ. ಆಗ ಅಲ್ಲಿ ಕಾಣುವುದು ಎಲೆ ಒಣಗಿ ಕೀಳಲು ಬಂದ ಅರಿಶಿನ, ಬಾಳೆ, ಅಲ್ಲೊಂದು ಇಲ್ಲೊಂದು ಕೋಸಿನ ತಾಕು, ಮತ್ತೆ ರಸ್ತೆಯ ಮೇಲೆಯೇ ಹರಡಿದ ಹುರುಳಿ. ಲಾರಿ ಬಸ್ಸುಗಳೇ ಅಲ್ಲಿ ರೋಣಗಲ್ಲು. ಬೆಳಿಗ್ಗೆ ಎಂಟರವರೆಗೂ ಮಂಜು. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ; ದಕ್ಷಿಣಕ್ಕೆ 1454 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟ, ಹೆಸರಿನ ಹಿಂದೆಯೇ ‘ಹಿಮವದ್’ ಎಂದು ಅಂಟಿಸಿಕೊಂಡಿದೆ. ಹಿಮವೆಂದರೆ ಇಲ್ಲಿ ಮಂಜು, ಅಷ್ಟೆ. ಊಟಿಯಲ್ಲಿ ಬೀಳುವಂತೆ ಹುಲ್ಲಿನ ಮೇಲೆ ಬಿಳಿಯ ಪದರ ಕಟ್ಟುವ ಚಳಿ ಇಲ್ಲಿಲ್ಲ. ಆದರೂ ರಾತ್ರಿಯ ಉಷ್ಣತೆ ಹದಿನೈದು ಹದಿನಾರು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಟೊಮೆಟೊ ಸಸಿಗೆ ಅದು ಚಳಿಯೇ.

ನಾವು ನೋಡಿದ ಸಸ್ಯಾಗಾರಕ್ಕೆ, ಅಂದರೆ ಊರಿನವರ ಬಾಯಲ್ಲಿ ‘ನರ್ಸರಿ’ಗೆ, ಎರಡು ಮುಖಗಳು. ರಸ್ತೆಯ ಕಡೆಯದು ಊಟಿಗೆ ಹೋಗಿ ಬರುವವರಿಗಾಗಿ: ಗುಲಾಬಿ, ದಾಸವಾಳ, ಕ್ರೋಟನ್, ಸೇವಂತಿಗೆ, ಬಣ್ಣ ಬಳಿದ ಕುಂಡಗಳು. ಹಿಂದಿನದು ರೈತರಿಗಾಗಿ, ಹಸಿರು ಬಲೆ ಹೊದ್ದ ಉದ್ದನೆಯ ಚಪ್ಪರ, ಅದರ ಪಕ್ಕ ಪ್ಲಾಸ್ಟಿಕ್ ಹಾಳೆಯ ಮನೆ. ವ್ಯಾಪಾರದ ಜೀವ ಇರುವುದು ಹಿಂದಿನದರಲ್ಲಿ. ಆದರೆ ಮುಂದಿನ ಕುಂಡದ ಸೇವಂತಿಗೆಯ ಬಗ್ಗೆ ಎರಡು ಮಾತು ಹೇಳದೆ ಒಳಗೆ ಹೋಗಲು ಮನಸ್ಸು ಬರುತ್ತಿಲ್ಲ.

ಸೇವಂತಿಗೆ ಚಳಿಗಾಲದ ಹೂವೆಂದು ನಾವೆಲ್ಲ ಹೇಳುತ್ತೇವೆ. ಚಳಿ ಬಿದ್ದದ್ದು ಗಿಡಕ್ಕೆ ಹೇಗೆ ಗೊತ್ತಾಗುತ್ತದೆ? ಮುಖ್ಯವಾಗಿ ಚಳಿಯಿಂದಲ್ಲ, ಹಗಲಿನ ಅಳತೆಯಿಂದ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಒಂದು ತಳಿ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವುದನ್ನು ತೋರಿಸಿಕೊಟ್ಟರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಒಂದು ಕಳೆಗಿಡವನ್ನು ಉದ್ದನೆಯ ಕತ್ತಲಲ್ಲಿಟ್ಟು, ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಚ್ಚಿ ಆರಿಸಿದರು. ಗಿಡ ಹೂ ಬಿಡಲಿಲ್ಲ. ಅಂದರೆ ಗಿಡ ಅಳೆಯುತ್ತಿದ್ದದ್ದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು.

ಈಗ ನಮ್ಮ ಲೆಕ್ಕ ನೋಡಿ. ಗುಂಡ್ಲುಪೇಟೆ ಇರುವ ಅಕ್ಷಾಂಶದಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 25 ನಿಮಿಷ. ಅತಿ ದೊಡ್ಡದು 12 ಗಂಟೆ 50 ನಿಮಿಷಕ್ಕೆ ಹತ್ತಿರ. ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ. ಪೇಟೆಗೆ ಬರುವ ವಿದೇಶೀ ಸೇವಂತಿಗೆ ತಳಿಗಳಿಗೆ ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಸಾಕು, ಮೊಗ್ಗು ಬೆಳೆಯುತ್ತದೆ. ಅಂದರೆ ನಮ್ಮಲ್ಲಿ ಅವುಗಳಿಗೆ ವರ್ಷವಿಡೀ ಚಳಿಗಾಲ! ಗೇಣುದ್ದ ಇರುವಾಗಲೇ ಹೂ ಬಿಟ್ಟುಬಿಡುತ್ತವೆ. ಅದಕ್ಕಾಗಿಯೇ ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದು ಕಾಣುತ್ತದೆ. ಜಾತ್ರೆಯೇನೂ ಅಲ್ಲ ಅದು. ಕತ್ತಲನ್ನು ತುಂಡರಿಸಿ, ‘ಇನ್ನೂ ಬೇಸಿಗೆ, ಹೂ ಬಿಡಬೇಡ, ಕಾಂಡ ಉದ್ದ ಬಿಡು’ ಎಂದು ಗಿಡಕ್ಕೆ ಹೇಳುವ ಉಪಾಯ. ಯುರೋಪಿನ ಬೆಳೆಗಾರ ಇದಕ್ಕೆ ತಿರುವುಮುರುವು. ಬೇಸಿಗೆಯ ಹದಿನಾರು ಗಂಟೆಯ ಹಗಲಿಗೆ ಕರಿಯ ಬಟ್ಟೆ ಹೊದಿಸಿ ಕತ್ತಲು ಮಾಡುತ್ತಾನೆ.

ಇನ್ನು ಹಿಂದಿನ ಮನೆಗೆ ಬನ್ನಿ.

ಬೆಳಗಿನ ಆರೂವರೆ. ಪ್ಲಾಸ್ಟಿಕ್ ಹಾಳೆಯ ಮನೆಯ ಒಳಗೊಂದು, ಹೊರಗೆ ಬೇಲಿಯ ಕಂಬಕ್ಕೊಂದು ಉಷ್ಣತಾಮಾಪಕ ಕಟ್ಟಿದೆವು. ಕಾಲು ಗಂಟೆ ಬಿಟ್ಟು ನೋಡಿದರೆ ಎರಡೂ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ನಿಂತಿದ್ದವು. ಸ್ವೆಟರ್ ಬಿಚ್ಚುವ ಯೋಚನೆಯಲ್ಲಿದ್ದ ನಮ್ಮ ಕ್ಯಾಮೆರಾದವರು ಮತ್ತೆ ಗುಂಡಿ ಹಾಕಿಕೊಂಡರು. ಅದೇ ಮನೆ ಹನ್ನೊಂದು ಗಂಟೆಗೆ ಬಾಗಿಲು ಮುಚ್ಚಿಟ್ಟರೆ ಒಳಗೆ ನಿಲ್ಲಲಾಗದಷ್ಟು ಸೆಕೆ.

ಇದೇಕೆ ಹೀಗೆ? 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಒಂದು ಸರಳ ಪ್ರಯೋಗ ಮಾಡಿದ. ಕರಿಯ ರಟ್ಟಿನ ಎರಡು ಪೆಟ್ಟಿಗೆ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಸೈಂಧವ ಲವಣದ ಪಾರದರ್ಶಕ ಫಲಕ. ಗಾಜು ಶಾಖದ ಅವಕೆಂಪು ಕಿರಣಗಳನ್ನು ತಡೆಯುತ್ತದೆ. ಸೈಂಧವ ಲವಣ ಬಿಟ್ಟುಬಿಡುತ್ತದೆ. ಪಠ್ಯಪುಸ್ತಕದ ಬಾಣಗಳೇ ಪೂರ್ತಿ ಕಾರಣವಾಗಿದ್ದರೆ ಗಾಜಿನ ಪೆಟ್ಟಿಗೆ ಬಹಳ ಬಿಸಿಯಾಗಬೇಕು, ಉಪ್ಪಿನ ಪೆಟ್ಟಿಗೆ ತಣ್ಣಗಿರಬೇಕು. ಆದರೆ ಬಿಸಿಲಿಗಿಟ್ಟಾಗ ಎರಡೂ ಬಿಸಿಯಾದವು. ಸೂರ್ಯನ ಕಿರಣವನ್ನು ಮೊದಲು ಒಂದು ಗಾಜಿನ ಮೂಲಕ ಹಾಯಿಸಿ ನೋಡಿದಾಗ ಎರಡರ ನಡುವೆ ಒಂದು ಡಿಗ್ರಿಯ ವ್ಯತ್ಯಾಸವೂ ಇರಲಿಲ್ಲವೆನ್ನಬೇಕು. ವುಡ್ ಹೇಳಿದ್ದಿಷ್ಟು: ಹಸಿರುಮನೆ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಮೇಲೇರಿ ಹೊರಗೆ ಹೋಗಲು ದಾರಿಯಿಲ್ಲದ್ದರಿಂದ. ಬಿಸಿಲಿನಲ್ಲಿ ನಿಂತ ಬಸ್ಸಿನ ಕಿಟಕಿ ಮುಚ್ಚಿದ ಹಾಗೆ.

ಗುಂಡ್ಲುಪೇಟೆಯ ಮನೆಗೆ ಹೊದಿಸಿದ್ದು ಗಾಜಲ್ಲ, ಪಾಲಿಥೀನ್. ಅದು ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹೊರಕ್ಕೆ ಬಿಡುವ ವಸ್ತು. ಹಗಲು ಗಾಳಿಯನ್ನು ಹಿಡಿದಿಡುತ್ತದೆ, ಆದ್ದರಿಂದ ಸೆಕೆ. ರಾತ್ರಿ ನೆಲದ ಶಾಖ ಹಾಳೆಯ ಮೂಲಕವೇ ಆಕಾಶಕ್ಕೆ ಹೊರಟುಹೋಗುತ್ತದೆ, ಆದ್ದರಿಂದ ಚಳಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಇಂಥ ಮನೆಯ ಒಳಗು ಹೊರಗಿಗಿಂತಲೂ ಒಂದಿಷ್ಟು ತಣ್ಣಗಾಗುವುದುಂಟು. ಮೇಲಿನ ಬೆಚ್ಚನೆಯ ಗಾಳಿ ಇಳಿದುಬಂದು ಬೆರೆಯಲು ಹಾಳೆಯೇ ಅಡ್ಡಿ.

ಇದನ್ನು ಕೇಳಿ, ಭೂಮಿ ಬಿಸಿಯಾಗುತ್ತಿದೆ ಎಂಬ ಮಾತೂ ಹಾಗಾದರೆ ಸುಳ್ಳೇ ಎಂದು ಯಾರಾದರೂ ಕೈ ಎತ್ತಬಹುದು. ಅಲ್ಲ. ವಾತಾವರಣದ ನೀರಾವಿ, ಇಂಗಾಲದ ಡೈಆಕ್ಸೈಡ್ ಶಾಖದ ಕಿರಣಗಳನ್ನು ಹೀರಿಕೊಳ್ಳುತ್ತವೆ ಎಂಬುದನ್ನು 1859ರಲ್ಲೇ ಜಾನ್ ಟಿಂಡಲ್ ಅಳತೆ ಮಾಡಿ ತೋರಿಸಿದ್ದಾನೆ. ಭೂಮಿಯ ಮಟ್ಟಿಗೆ ಆ ಬಾಣಗಳ ಚಿತ್ರ ಬಹುಪಾಲು ಸರಿಯಾಗಿದೆ. ‘ಹಸಿರುಮನೆ ಪರಿಣಾಮ’ ಎಂಬ ಹೆಸರನ್ನು ಮಾತ್ರ ಆ ಪರಿಣಾಮ ಅಷ್ಟಾಗಿ ಇಲ್ಲದ ಮನೆಯಿಂದ ಎರವಲು ತಂದಿದ್ದೇವೆ.

ಬೆಚ್ಚಗೂ ಇಡದ ಈ ಮನೆಯನ್ನು ರೈತ ಏಕೆ ಕಟ್ಟುತ್ತಾನೆ? ಉತ್ತರ ಸಿಕ್ಕಿದ್ದು ಬೀಜ ಹಾಕುತ್ತಿದ್ದ ಹೆಣ್ಣುಮಕ್ಕಳ ಸಾಲಿನಲ್ಲಿ.

ಮೈಸೂರು ಸೀಮೆಯಲ್ಲಿ ಪೈರು ಬೆಳೆಸುವ ಮಡಿಗೆ ಒಟ್ಲು ಎನ್ನುತ್ತಾರೆ. ರಾಗಿ ಒಟ್ಲು, ಮೆಣಸಿನಕಾಯಿ ಒಟ್ಲು. ಬಾವಿಯ ಪಕ್ಕ ಒಂದಿಷ್ಟು ಜಾಗ ಹದ ಮಾಡಿ, ಬೀಜ ಚೆಲ್ಲಿ, ಮೇಲೆ ಹುಲ್ಲು ಹೊದಿಸಿ, ತಿಂಗಳ ಮೇಲೆ ಕಿತ್ತು ನಾಟಿ ಮಾಡುವುದು. ಕೀಳುವಾಗ ಬೇರು ಹರಿಯುತ್ತದೆ. ನೂರಕ್ಕೆ ಹತ್ತಿಪ್ಪತ್ತು ಸಸಿ ಸತ್ತರೆ ಮನೆಯ ಬೀಜ ತಾನೇ ಎಂದು ಸುಮ್ಮನಾಗಬಹುದಿತ್ತು. ಈಗ ಟೊಮೆಟೊ, ಕೋಸಿನ ಬೀಜವೆಲ್ಲ ಸಂಕರ ತಳಿ. ಟೊಮೆಟೊ ಬೀಜದ ಹತ್ತು ಗ್ರಾಂ ಪೊಟ್ಟಣದಲ್ಲಿ ಸುಮಾರು ಮೂರು ಸಾವಿರ ಕಾಳು. ಒಂದೊಂದಕ್ಕೂ ಬೆಲೆ ಕಟ್ಟಿಯೇ ತಂದಿರುತ್ತಾರೆ. ಆದ್ದರಿಂದ ಒಂದೊಂದು ಕಾಳಿಗೂ ಒಂದೊಂದು ಗುಳಿ. ಕರಿಯ ಪ್ಲಾಸ್ಟಿಕ್ ಟ್ರೇಯಲ್ಲಿ ಹದಿನಾಲ್ಕು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 98. ಗುಳಿಗೆ ತೆಂಗಿನ ನಾರಿನ ಪುಡಿ ತುಂಬಿ ಬೆರಳಲ್ಲಿ ಒತ್ತಿ ಕಾಳು ಹಾಕುತ್ತಾರೆ. ಸಸಿ ಬೆಳೆದ ಮೇಲೆ ಬೇರುಗಡ್ಡೆಯ ಸಮೇತ ಎದ್ದುಬರುತ್ತದೆ, ಹರಿಯುವ ಮಾತಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ ನೀವೇ ಮಾಡಿ. ಟೊಮೆಟೊವನ್ನು 90 ಸೆಂಟಿಮೀಟರ್‌ಗೆ 45 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಹತ್ತು ಸಾವಿರ ಸಸಿ ಹಿಡಿಯುತ್ತವೆ. ಅಂದರೆ 102 ಟ್ರೇ. ಅಷ್ಟನ್ನೂ ಒತ್ತಾಗಿ ಜೋಡಿಸಿದರೆ ಬೇಕಾಗುವ ಜಾಗ ಸುಮಾರು 15 ಚದರ ಮೀಟರ್, ನಿಮ್ಮ ಮನೆಯ ಒಂದು ಕೋಣೆಯಷ್ಟು. ಎಕರೆಯ ಬೆಳೆಯ ಮೊದಲ ತಿಂಗಳನ್ನು ಒಂದು ಕೋಣೆಯಲ್ಲಿ ಕಾಯಬಹುದು. ಮಳೆಯ ಹನಿ ಬೀಳದಂತೆ, ಉರಿಬಿಸಿಲು ತಾಗದಂತೆ, ಹುಳು ಮುಟ್ಟದಂತೆ. ಹೆರಿಗೆಯಾದ ಮನೆಯಲ್ಲಿ ತಾಯಿ ಮಗುವಿಗೆ ಒಂದು ಕೋಣೆ ಬಿಟ್ಟುಕೊಡುವುದಿಲ್ಲವೇ? ನಮ್ಮ ನಾಡಿನ ಹಸಿರುಮನೆ ಅಂಥ ಬಾಣಂತಿ ಕೋಣೆ.

ಅಲ್ಲಿ ಬೆಚ್ಚಗಿಡುವ ಕೆಲಸವೂ ಇಲ್ಲದಿಲ್ಲ. ಆದರೆ ಅದನ್ನು ಮಾಡುವುದು ಮನೆಯಲ್ಲ, ಹೊದಿಕೆ. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಒಂದು ಮೂಲೆಯಲ್ಲಿ ಸುತ್ತ ಹಾಳೆ ಸುತ್ತಿ ಬಿಗಿಯಾಗಿ ಮುಚ್ಚುತ್ತಾರೆ. ಬೇಸಿಗೆಯಲ್ಲಿ ಮೂರು ದಿನಕ್ಕೆ ಬಿಚ್ಚಿದರೆ ಮಾಗಿಯಲ್ಲಿ ಐದು ದಿನ. ಯಾವಾಗ ಬಿಚ್ಚಬೇಕೆಂದು ಹೇಳುವುದು ಗಡಿಯಾರವಲ್ಲ, ಅಲ್ಲಿನ ಒಬ್ಬ ಅಕ್ಕ. ಇಪ್ಪತ್ತು ವರ್ಷದಿಂದ ಪೈರಿನ ಕೆಲಸ ಮಾಡಿದವರು. ‘ಬೆಚ್ಗ ಮಲ್ಗಿಸ್ಬುಟ್ರ ನಾಕೈದ್ ದಿನಕ್ಕ ಎದ್ದು ಬತ್ತವ ಸಾ. ಒಂದ್ಹೊತ್ತು ತಡ ಆದ್ರ ಕತ್ತು ಉದ್ದ ಬುಟ್ಕತ್ತವ, ಆಮೇಲ ಏನ್ ಮಾಡಿದ್ರೂ ನೆಟ್ಗಾಗಲ್ಲ’ ಎಂದರು. ಕತ್ತಲಲ್ಲಿ ಮೊಳಕೆ ಬೆಳಕನ್ನು ಹುಡುಕುತ್ತ ಕಾಂಡವನ್ನು ಮಾತ್ರ ಉದ್ದ ಮಾಡಿ ಬಿಳಿಚಿಕೊಳ್ಳುವುದನ್ನು ನೀವು ಜೀವಶಾಸ್ತ್ರದಲ್ಲಿ ಓದಿದ್ದೀರಿ. ಅವರು ದಿನಕ್ಕೆ ಮೂರು ಸಲ ಹಾಳೆಯ ಅಂಚು ಎತ್ತಿ, ಒಂದು ಗುಳಿಯ ಪುಡಿ ಕೆದಕಿ ನೋಡುತ್ತಿದ್ದರು. ಅವರ ಒಂದು ಹೊತ್ತಿನ ತಪ್ಪು ಯಾರದೋ ಎಕರೆಯ ನಷ್ಟ. ಕೂಲಿಯಲ್ಲಿ ಮಾತ್ರ ಆ ಹೊಣೆಗೆ ಬೇರೆ ಲೆಕ್ಕವಿಲ್ಲ. ಟ್ರೇ ಹೊರುವವರಿಗೂ ಅಷ್ಟೇ, ಅವರಿಗೂ ಅಷ್ಟೇ.

ಮೊಳೆತ ಮೇಲೆ ಚಳಿಯ ಪರಿಣಾಮ ಇನ್ನೊಂದು ಬಗೆಯದು. ಸಸಿ ಬೆಳೆಯುವುದು ಪಂಚಾಂಗದ ದಿನಗಳಿಂದಲ್ಲ, ಅದಕ್ಕೆ ಸಿಕ್ಕ ಶಾಖದಿಂದ. ಟೊಮೆಟೊ ಹತ್ತು ಡಿಗ್ರಿಯ ಕೆಳಗೆ ಬೆಳೆಯುವುದಿಲ್ಲ ಎಂದಿಟ್ಟುಕೊಳ್ಳೋಣ. ಮಾಗಿಯ ದಿನ ಗರಿಷ್ಠ 28, ಕನಿಷ್ಠ 16 ಆದರೆ ಸರಾಸರಿ 22. ಹತ್ತು ಕಳೆದರೆ ಆ ದಿನದ ಗಳಿಕೆ 12. ಬೇಸಿಗೆಯ ದಿನ 34 ಮತ್ತು 22 ಆದರೆ ಸರಾಸರಿ 28, ಗಳಿಕೆ 18. ಬೇಸಿಗೆಯಲ್ಲಿ 20 ದಿನಕ್ಕೆ ಗಳಿಸುವ 360ನ್ನು ಮಾಗಿಯಲ್ಲಿ ಗಳಿಸಲು 30 ದಿನ ಬೇಕು. ಚಳಿಗಾಲದ ಪೈರಿಗೆ ವಾರ ಹತ್ತು ದಿನ ಮುಂಚೆ ಹೇಳಿಡಿ ಎಂದು ನರ್ಸರಿಯವರು ರೈತರಿಗೆ ಹೇಳುವುದರ ಹಿಂದೆ ಇರುವ ಲೆಕ್ಕ ಇದೇ.

ಮುಂಜಾನೆ ಹಾಳೆಯ ಒಳಮೈಗೆ ಕಟ್ಟಿದ ನೀರು ಮಣಿಮಣಿಯಾಗಿ ಸಸಿಗಳ ಮೇಲೆ ಉದುರುತ್ತದೆ. ನೋಡಲು ಚೆಂದ; ನಾವೂ ಐದು ನಿಮಿಷ ಅದನ್ನೇ ಚಿತ್ರೀಕರಿಸಿದೆವು. ಆದರೆ ಆ ತೇವಕ್ಕೆ ಕಾದಿರುವ ಶಿಲೀಂಧ್ರಗಳಿವೆ. ಸಸಿಯ ಕತ್ತಿನ ಭಾಗ ಕೊಳೆತು ಒಂದೇ ರಾತ್ರಿಯಲ್ಲಿ ಇಡೀ ಟ್ರೇ ಮಲಗಿಬಿಡುತ್ತದೆ. ಅದಕ್ಕೇ ಮಾಗಿಯಲ್ಲಿ ಸಂಜೆ ನೀರು ಕೊಡುವುದಿಲ್ಲ. ಬಿಸಿಲೇರುವ ಮೊದಲೇ ಪಕ್ಕದ ಹಾಳೆ ಸುತ್ತಿ ಮೇಲೆತ್ತಿ ಗಾಳಿಯಾಡಿಸುತ್ತಾರೆ. ಬೆಚ್ಚಗಿಡಬೇಕಾದ ಮನೆಯಲ್ಲಿ ಮೊದಲ ಕೆಲಸವೇ ಬಾಗಿಲು ತೆರೆಯುವುದು!

ಹಾಳೆ ಎತ್ತಿದರೂ ಅಲ್ಲೊಂದು ಸಣ್ಣ ಕಣ್ಣಿನ ಬಲೆ ಉಳಿಯುತ್ತದೆ. ಅಂಗುಲಕ್ಕೆ 40ರಿಂದ 50 ಕಣ್ಣು. ಒಂದು ಮಿಲಿಮೀಟರ್ ಉದ್ದದ ಬಿಳಿನೊಣ ಅದರೊಳಗೆ ನುಸುಳಬಾರದು. ಟೊಮೆಟೊದ ಎಲೆ ಮುಟುರು ನಂಜುರೋಗವನ್ನು ಹೊತ್ತು ತರುವುದು ಈ ನೊಣವೇ. ಒಟ್ಲಿನಲ್ಲೇ ನಂಜು ತಗುಲಿದ ಪೈರು ಮಾರುವಾಗ ಹಸುರಾಗಿಯೇ ಇರುತ್ತದೆ. ನಾಟಿಯಾಗಿ ಎರಡು ಮೂರು ವಾರಕ್ಕೆ ಎಲೆ ಮುದುರಿ, ಕಾಯಿ ಕಟ್ಟದೆ ನಿಲ್ಲುತ್ತದೆ. ಆಗ ರೈತ ಯಾರನ್ನು ಕೇಳಬೇಕು? ಮಾಗಿಯಲ್ಲಿ ಬಿಳಿನೊಣದ ಕಾಟ ಕಡಿಮೆ, ಬೇಸಿಗೆಗೆ ಏರುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ರಕ್ಷಕ್’ ಎಂಬ, ಈ ರೋಗವೂ ಸೇರಿ ಮೂರು ರೋಗಗಳನ್ನು ತಡೆದುಕೊಳ್ಳುವ ಟೊಮೆಟೊ ತಳಿ ಕೊಟ್ಟಿದೆ. ರೋಗದ ಎಲೆ ಹಿಡಿದು ಸಲಹೆ ಕೇಳಲು ಚಾಮರಾಜನಗರದ ಪಕ್ಕ ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬಲೆಯಲ್ಲಿ ಒಂದು ತೂತು ಬಿದ್ದಿದ್ದರೆ ಮಾತ್ರ ಇದೆಲ್ಲ ತಡವಾದ ಮಾತು. ನರ್ಸರಿಗೆ ಹೋದವರು ಹೂವನ್ನಲ್ಲ, ಮೊದಲು ಬಲೆಯ ಹೊಲಿಗೆಯನ್ನು ನೋಡಬೇಕು. ಬಾಗಿಲು ಒಂದೋ ಎರಡೋ ಎಂದೂ ನೋಡಬೇಕು. ಹೊರಬಾಗಿಲು ಮುಚ್ಚಿದ ಮೇಲೆಯೇ ಒಳಬಾಗಿಲು ತೆರೆಯುವಂತಿದ್ದರೆ ಅದು ಕೆಲಸ ಬಲ್ಲವರ ಮನೆ.

ನಮ್ಮ ವೃತ್ತಿಯಿಂದ ಗೊತ್ತಾದ ಒಂದು ಸಂಗತಿ ಹೇಳುತ್ತೇನೆ. ಹಾಲುಬಣ್ಣದ ಹಾಳೆಯ ಕೆಳಗೆ ಚಿತ್ರೀಕರಣ ಬಹಳ ಸುಲಭ. ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಮುಖದ ಮೇಲೆ ನೆರಳು ಬೀಳುವುದಿಲ್ಲ. ಗಿಡಕ್ಕೂ ಅದೇ ಲಾಭ, ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ. ಪಕ್ಕದ ಹಸಿರು ಬಲೆಯ ಕೆಳಗೆ ಹೋದರೆ ಎಲ್ಲರ ಮುಖವೂ ಹಸಿರು! ಎಷ್ಟು ಸರಿಪಡಿಸಿದರೂ ಕಾಯಿಲೆ ಬಿದ್ದವರಂತೆ ಕಾಣುತ್ತಾರೆ. ಗಿಡಕ್ಕೂ ಆ ಬೆಳಕು ಅಷ್ಟು ಹಿಡಿಸುವುದಿಲ್ಲ; ದ್ಯುತಿಸಂಶ್ಲೇಷಣೆಗೆ ಹೆಚ್ಚು ಬೇಕಾದ್ದು ಕೆಂಪು ಮತ್ತು ನೀಲಿ. ಎಲ್ಲ ಬಣ್ಣವನ್ನೂ ಸಮನಾಗಿ ತಗ್ಗಿಸುವ ಕಪ್ಪು ಬಲೆ ಮೇಲು. ಆದರೂ ‘ಹಸಿರುಮನೆ’ ಎಂದರೆ ಹಸಿರು ಬಲೆಯೇ ಇರಬೇಕೆಂದು ಜನ ಕೊಳ್ಳುತ್ತಾರೆ.

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಬರುವ ದಾರಿಯಲ್ಲಿ ದೊಡ್ಡ ಪಾಲಿಹೌಸೊಂದರ ಅಸ್ಥಿಪಂಜರ ಕಂಡಿತು. ಕಬ್ಬಿಣದ ಕಮಾನುಗಳು ನೆಟ್ಟಗಿವೆ, ಹಾಳೆ ಚಿಂದಿಯಾಗಿ ಹಾರುತ್ತಿದೆ, ಒಳಗೆ ಲಂಟಾನ. ಇಂಥವು ನಾಡಿನ ಬೇರೆ ಕಡೆಯೂ ಇವೆ. 2005–06ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಬಂದ ಮೇಲೆ ಸಹಾಯಧನದ ನೆರವಿನಿಂದ ಬಣ್ಣದ ದೊಣ್ಣೆಮೆಣಸಿನಕಾಯಿ, ಜರ್ಬೆರಾ ಬೆಳೆಯಲು ಅನೇಕರು ಪಾಲಿಹೌಸ್ ಕಟ್ಟಿದರು. ಒಳ್ಳೆಯ ದುಡಿಮೆ ಕಂಡವರೂ ಇದ್ದಾರೆ. ಆದರೆ ಹಾಳೆಗೆ ಮೂರು ನಾಲ್ಕು ವರ್ಷದ ಆಯುಷ್ಯ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ತಿನ್ನುತ್ತದೆ, ಆಷಾಢದ ಗಾಳಿ ಹರಿಯುತ್ತದೆ. ಹೊಸ ಹಾಳೆಗೆ ಹಣ ಕೂಡಿಡುವ ಮೊದಲೇ ಪೇಟೆಯ ಧಾರಣೆ ಬಿದ್ದರೆ ಮುಗಿಯಿತು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳಿಲ್ಲದೆ ಹೂ ಬೆಳೆದವರು ಅದನ್ನು ತಿಪ್ಪೆಗೆ ಸುರಿದದ್ದು ನಿಮಗೂ ನೆನಪಿರಬಹುದು. ಇಡೀ ಬೆಳೆಯನ್ನು ಮನೆಯೊಳಗೆ ಸಾಕುವುದಕ್ಕಿಂತ, ಮೊದಲ ತಿಂಗಳು ಮಾತ್ರ ಸಾಕಿ ಹೊರಗೆ ಕಳಿಸುವ ನರ್ಸರಿಯ ಚಪ್ಪರವೇ ಈ ಸೀಮೆಗೆ ಹೆಚ್ಚು ಒಗ್ಗಿದೆ ಎಂದು ನನ್ನ ಅಭಿಪ್ರಾಯ.

ಆ ಚಪ್ಪರದಲ್ಲೂ ಒಂದು ಗಂಟಿದೆ, ನೀರಿನದು. ವಯನಾಡು ಮತ್ತು ನೀಲಗಿರಿ ಬೆಟ್ಟಗಳು ಮುಂಗಾರಿನ ಹೆಚ್ಚಿನ ಮಳೆಯನ್ನು ಹಿಂಡಿಕೊಂಡ ಮೇಲೆ ಉಳಿದದ್ದು ಗುಂಡ್ಲುಪೇಟೆಗೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಈ ತಾಲ್ಲೂಕು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಸಾಲಿನಲ್ಲಿ ಬಂದಿದೆ. ಅಂದರೆ ವರ್ಷಕ್ಕೆ ಇಂಗುವುದಕ್ಕಿಂತ ಮೇಲೆತ್ತುವುದೇ ಹೆಚ್ಚು. ಕಬಿನಿಯ ನೀರನ್ನು ಎತ್ತಿ ಕೆರೆ ತುಂಬಿಸಿದ ಕಡೆ ಬಾವಿಗಳಿಗೆ ಒಂದಿಷ್ಟು ಜೀವ ಬಂದಿದೆ. ಉಳಿದ ಕಡೆ ಮಾಗಿಯಲ್ಲಿ ನಾಟಿ ಮಾಡುವವನು ಮಾರ್ಚ್ ತಿಂಗಳ ಕೊಳವೆಬಾವಿಯನ್ನು ಊಹಿಸಿಯೇ ಮಾಡಬೇಕು. ಸಸಿಯೋ ಕಾಯುವುದಿಲ್ಲ. ಮೂವತ್ತು ದಿನ ದಾಟಿದರೆ ಗುಳಿಯೊಳಗೆ ಬೇರು ಸುರುಳಿ ಸುತ್ತುತ್ತದೆ, ಆಮೇಲೆ ನೆಟ್ಟರೂ ಏಳುವುದಿಲ್ಲ.

ನಾವಿದ್ದ ದಿನ ಮಧ್ಯಾಹ್ನ ತೆರಕಣಾಂಬಿ ಕಡೆಯ ರೈತರೊಬ್ಬರು ಪೈರಿಗೆ ಬಂದರು. ತಿಂಗಳ ಹಿಂದೆ ನೂರು ಟ್ರೇ ಟೊಮೆಟೊ ಹೇಳಿಟ್ಟಿದ್ದರು, ಮುಂಗಡವೂ ಕೊಟ್ಟಿದ್ದರು. ಪೈರು ಹದವಾಗಿತ್ತು. ಕೊನೆಯ ವಾರ ನೀರು ತಗ್ಗಿಸಿ, ನೆರಳು ತೆಗೆದು, ಹೊರಗಿನ ಬಿಸಿಲಿಗೆ ಒಗ್ಗಿಸಿದ ಗಟ್ಟಿ ಪೈರು. ಅವರು ಟ್ರೇಗಳ ನಡುವೆ ಎರಡು ಸಲ ಓಡಾಡಿ, ಒಂದು ಸಸಿ ಎತ್ತಿ ಬೇರು ನೋಡಿ, ಮತ್ತೆ ಗುಳಿಯಲ್ಲಿಟ್ಟರು.

‘ಅರುವತ್ತೇ ಕೊಡು ಮಗ’ ಎಂದರು.

‘ಯಾಕ ಮಾವ, ಪೈರು ಸರಿಯಿಲ್ವಾ?’ ಎಂದ ನರ್ಸರಿಯ ಹುಡುಗ.

‘ಪೈರು ಚಿನ್ನದಂಗದ. ಬೋರು ಮಧ್ಯಾನ ಮಧ್ಯಾನ ಗಾಳಿ ಹೊಡಿತಾ ಅದ. ಒಂದೆಕ್ರ ಹಾಕಿ ಒಣುಗ್ಸದ್ಕಿಂತ ಕಮ್ಮಿ ಹಾಕಿ ಕಾಯಿ ಕೀಳದೇ ವಾಸಿ.’

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ನಲವತ್ತು ಟ್ರೇ ಅಂದರೆ ನಾಲ್ಕು ಸಾವಿರ ಸಸಿಗೆ ಹತ್ತಿರ, ಇಪ್ಪತ್ತೆಂಟನೆಯ ದಿನ. ‘ಆಗ್ಲಿ ಬುಡು ಮಾವ’ ಎಂದು ಅರವತ್ತು ಟ್ರೇ ಗಾಡಿಗೆ ಹಾಕಿಸಿದ. ಮುಂಗಡವನ್ನು ಪೂರ್ತಿ ಲೆಕ್ಕಕ್ಕೆ ಹಿಡಿದ. ಆಮೇಲೆ ಫೋನು ಹಿಡಿದು ಒಂದು ಗಂಟೆ ಅದೇ ಕೆಲಸ. ಹಂಗಳದವರೊಬ್ಬರು ಬೇಡವೆಂದರು. ಇನ್ನೊಬ್ಬರು ಕೋಸಾದರೆ ಬೇಕು ಎಂದರು. ಕೊನೆಗೆ ಬೇಗೂರು ಕಡೆಯ ಒಬ್ಬರು, ತಮ್ಮ ಊರ ಕೆರೆಯಲ್ಲಿ ನೀರಿದೆಯೆಂದೂ ಬೆಲೆ ಇಳಿಸಿದರೆ ಇಪ್ಪತ್ತೈದು ಟ್ರೇ ಒಯ್ಯುತ್ತೇವೆಂದೂ ಹೇಳಿದರು. ಬಿಸಿಲು ಇಳಿದ ಮೇಲೆ ಅವರ ಆಟೊ ಬಂತು. ಬಿಸಿಲಲ್ಲಿ ಒಯ್ದರೆ ಬಾಡುತ್ತದೆ. ಉಳಿದ ಹದಿನೈದು ಟ್ರೇಗಳಿಗೆ ಆ ಅಕ್ಕ ಒಂದು ಕೊಡ ನೀರು ಚಿಮುಕಿಸಿ, ಮತ್ತೆ ಬೀಜ ಹಾಕುವ ಸಾಲಿಗೆ ಹೋದರು.